ಗುಂಡಿಗೆ ಮೀಸಲಿಟ್ಟ ಮಣ್ಣು

ಪಿರಿಯಾಪಟ್ಟಣದ ಆಚೆಗಿನ ನಮ್ಮೂರಿನಲ್ಲಿ ಕಲ್ಲುಕ್ವಾರಿಯ ಕೆಲಸ ನಿಂತ ವರ್ಷ ನಾನು ಹುಣಸೂರಿನ ಕಾಲೇಜಿನಲ್ಲಿದ್ದೆ. ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತೇನೆಂಬ ಧಿಮಾಕು ಬೇರೆ. ಕ್ವಾರಿಯ ಗುಂಡಿ ಇದ್ದದ್ದು ದೊಡ್ಡಮ್ಮನ ಹಿತ್ತಿಲ ಹಿಂದೆಯೇ. ತಳದಲ್ಲಿ ಹಸಿರುಗಟ್ಟಿದ ನೀರು. ಮಳೆ ಬಿದ್ದಾಗಲೆಲ್ಲ ಅಂಚು ಒಂದಿಷ್ಟು ಕುಸಿದು ಮನೆಯ ಕಡೆಗೆ ಬರುತ್ತಿತ್ತು. ಮೊದಲು ನುಗ್ಗೆಮರ ಹೋಯಿತು, ಆಮೇಲೆ ತಿಪ್ಪೆ. ಉಳಿದದ್ದು ಕೊಟ್ಟಿಗೆ, ಅದಕ್ಕೆ ಒತ್ತಿಕೊಂಡ ಅಡುಗೆಮನೆ.

ಗುತ್ತಿಗೆದಾರ ಬಿಟ್ಟುಹೋಗುವ ಮುನ್ನ ನೆಲವನ್ನು ಸರಿಮಾಡಿಕೊಡಬೇಕೆಂದು ಯೋಜನೆಯೊಂದಿತ್ತು: ಕಲ್ಲು ಒಡೆಯುವ ಮೊದಲು ಕೆರೆದು ಗುಡ್ಡೆ ಹಾಕಿದ್ದ ಮೇಲ್ಮಣ್ಣಿನಿಂದ ದೊಡ್ಡಮ್ಮನ ಕಡೆಯ ಅಂಚನ್ನು ತುಂಬಿ ಗಿಡ ನೆಡುವುದು. ಅದನ್ನು ಪರಿಶೀಲಿಸಲು ಗಣಿ ಇಲಾಖೆಯ ಅಧಿಕಾರಿ ಬರುವ ದಿನ ದೊಡ್ಡಮ್ಮ ನನ್ನನ್ನು ಕರೆಸಿಕೊಂಡಳು.

"ನೀನೇ ಮಾತಾಡು ಮಗ. ಅವ್ರ ಮುಂದೆ ನಂಗೆ ಬಾಯೇ ಬರಾಕಿಲ್ಲ."

"ದೊಡ್ಡಪ್ಪನ ಮುಂದೆ ಬತ್ತದಲ್ಲ?"

"ಆ ಮನ್ಸಂಗೆ ಕಿವಿ ಕೇಳಾಕಿಲ್ಲ ಕಣ್ಲಾ, ಅದ್ಕೆ ಬತ್ತದೆ."

ಅಧಿಕಾರಿ ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿದರು. ಊರಿನವರು ಸುತ್ತ ನಿಂತರು.

"ಸಾರ್, ಈ ಅಂಚು ಯಾವ ಮಣ್ಣಿಂದ ತುಂಬ್ತೀರಿ?" ಎಂದೆ.

"ತೆಗೆದಿಟ್ಟಿರೋ ಮಣ್ಣಿಂದಾನೇ ಕಣಪ್ಪ."

"ಎಲ್ಲಿದೆ? ತೋರ್ಸಿ."

ಗುಡ್ಡೆ ಇರಬೇಕಾದ ಜಾಗದಲ್ಲಿ ಬರೀ ಬಂಡೆ, ಗಾಡಿಚಕ್ರದ ಜಾಡು. ಗೆದ್ದೆನೆಂದುಕೊಂಡು ಊರಿನವರ ಕಡೆ ತಿರುಗಿದೆ. ಎಲ್ಲರೂ ನೆಲ ನೋಡುತ್ತಿದ್ದರು.

ಕ್ವಾರಿಯ ಮೇಸ್ತ್ರಿ ಅವಸರವಿಲ್ಲದೆ ಹೇಳಿದ: "ಆ ಜಾಡು ಹಿಡ್ಕಂಡು ಹೋಗಿ ಸಾರ್. ಮಣ್ಣು ಸಿಕ್ತದೆ."

ಹೋದೆವು. ಮೊದಲ ಜಾಡು ನಿಂತದ್ದು ದೊಡ್ಡಮ್ಮನ ಹೊಲದಲ್ಲಿ, ಹೊಗೆಸೊಪ್ಪಿನ ಸಸಿಮಡಿಯ ಪಕ್ಕ. ಕೆರೆ ಒಣಗಿದಾಗ ತಳದ ಗೋಡುಮಣ್ಣನ್ನು ಗಾಡಿ ಇದ್ದವರು ಹೊಡೆದುಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಕೇಳುವವರೂ ಇಲ್ಲ, ಬೇಡವೆನ್ನುವವರೂ ಇಲ್ಲ. ನಾನು ಪರೀಕ್ಷೆಯೆಂದು ಹುಣಸೂರಿನಲ್ಲೇ ಉಳಿದಿದ್ದ ಬೇಸಿಗೆಯಲ್ಲಿ ಊರು ಈ ಗುಡ್ಡೆಯನ್ನೂ ಹಾಗೆಯೇ ಎಣಿಸಿ ಮಡಿಗಳಿಗೆ ಸುರಿದುಕೊಂಡಿತ್ತು.

"ನಾವೇನು ಬ್ಯಾಡ ಅಂದ್ವಾ? ತಗಂಡೋಗ್ರಿ ಅಂದ್ವಿ," ಎಂದ ಮೇಸ್ತ್ರಿ. ನಗುತ್ತಿರಲಿಲ್ಲ. ನಕ್ಕಿದ್ದರೆ ನನಗೆ ಅಷ್ಟು ಅಂಜಿಕೆಯಾಗುತ್ತಿರಲಿಲ್ಲ.

ನಾನು ಬಿಡಲಿಲ್ಲ. ಮಣ್ಣನ್ನು ಕಾಯಬೇಕಾದವರು ನೀವು, ಅದು ಯಾತಕ್ಕೆಂದು ಊರಿಗೆ ಹೇಳಬೇಕಾದವರೂ ನೀವು, ಈಗ ಹೊರಗಿನಿಂದ ತಂದು ತುಂಬಿ ಎಂದೆ. ವಾದದಲ್ಲಿ ತಪ್ಪಿರಲಿಲ್ಲ, ಇವತ್ತಿಗೂ ಇಲ್ಲವೆನ್ನುತ್ತೇನೆ. ಅಧಿಕಾರಿ ಪೂರ್ತಿ ಕೇಳಿದರು.

"ನೀನು ಹೇಳೋದು ಸರಿ ಇರಬಹುದಪ್ಪ. ಆದ್ರೆ ಊರೋರೇ ಬಳಸ್ಕೊಂಡಿದ್ದಾರಲ್ಲ."

ತುಂಬುವುದರ ಬದಲು ಮುಳ್ಳುತಂತಿ ಬೇಲಿ ಸಾಕೆಂದು ಬರೆದು ಬಾನೆಟ್ಟಿನ ಮೇಲೆಯೇ ಸಹಿ ಹಾಕಿದರು.

ಜೀಪು ಹೋದ ಮೇಲೆ ಹನಿಯತೊಡಗಿತು. ದೊಡ್ಡಮ್ಮ ಕೊಟ್ಟಿಗೆಯಲ್ಲಿ ನಿಂತಿದ್ದಳು.

"ಗೋಡು ಅನ್ಕಂಡೆ ಕಣ ಮಗ. ಕಪ್ಪಗೆ ಚೆಂದಾಗಿತ್ತು."

"ಮೈಸೂರಿಗೆ ಹೋಗಿ ಮೇಲಿನವರನ್ನ ಕೇಳಾಣ," ಎಂದು ನಾನು ಶುರುಮಾಡಿದೆ. ಆಕೆ ಕೈಯೆತ್ತಿ ತಡೆದಳು. ಗೋಡೆಯ ಹಿಂದೆ ಏನೋ ಜಾರಿತು. ತುಸು ಹೊತ್ತು ನಿಶ್ಶಬ್ದ. ಆಮೇಲೆ, ಕೆಳಗೆ ನೀರಿನ ಸದ್ದು.

ದೊಡ್ಡಮ್ಮ ಹಸುವನ್ನು ಬಿಚ್ಚಿ ಮುಂದಿನ ಜಗಲಿಯ ಕಂಬಕ್ಕೆ ತಂದು ಕಟ್ಟಿದಳು. ಅದು ತನ್ನ ಜಾಗವೆಂದು ಕೊಟ್ಟಿಗೆಯ ಕಡೆಗೇ ಎಳೆಯುತ್ತಿತ್ತು. ಹಗ್ಗವನ್ನು ಇನ್ನೊಂದು ಸುತ್ತು ಬಿಗಿದು, ಒಲೆಯ ಮೇಲಿದ್ದ ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ತರಲು ಒಳಗೆ ಹೋದಳು.