ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರಿನೊಳಗೆ ಆಂಜಿನಪ್ಪನವರ ಮಗಳ ಮದುವೆ

ಹೋದ ವಾರ ನಮ್ಮ ಮನೆಯ ಹೊಸ ಕಂಪ್ಯೂಟರಿನ ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ನನ್ನ ಹೆಂಡತಿ ವೀಣಾ ಕಂಪ್ಯೂಟರನ್ನು ಮುಟ್ಟಲಿಲ್ಲ. ಮೊದಲು ಎದ್ದು ಹೋಗಿ ರೂಮಿನ ಬಾಗಿಲು ಹಾಕಿ ಬಂದಳು.

ಯಾಕೆಂದರೆ ಹಾಲ್‌ನಲ್ಲಿ ಆಂಜಿನಪ್ಪ ಕೂತಿದ್ದರು. ಅವರ ಮಗಳ ಮದುವೆ ಆ ಕಂಪ್ಯೂಟರಿನ ಒಳಗಿತ್ತು.

ಮೊದಲಿನಿಂದ ಹೇಳುತ್ತೇನೆ. ವೀಣಾ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತಾಳೆ. ಕ್ಯಾಮೆರಾದವರು ತಂದುಕೊಟ್ಟದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ನೋಡುವ ಹಾಗೆ ಮಾಡಿಕೊಡುವುದು ಅವಳ ಕೆಲಸ. ಬ್ಯಾಟರಾಯನಪುರದ ನಮ್ಮ ಮನೆಯ ಹಿಂದಿನ ರೂಮೇ ಆಫೀಸು. ಹಳೆಯ ಕಂಪ್ಯೂಟರ್ ಕೈಕೊಟ್ಟ ಮೇಲೆ ಒಂದೊಂದೇ ಭಾಗ ಆರಿಸಿ ತರಿಸಿಕೊಂಡು, ಊಟದ ಟೇಬಲ್ಲಿನ ಮೇಲೆ ಹರಡಿಕೊಂಡು, ಹೊಸದನ್ನು ತಾನೇ ಜೋಡಿಸಿದಳು. (ಅದು ಮುಗಿಯುವ ತನಕ ನಾವು ನೆಲದ ಮೇಲೆ ಕೂತು ಉಂಡೆವು.)

ಅಷ್ಟಕ್ಕೇ ಬಿಡಬಹುದಿತ್ತಲ್ಲ? ಬಿಡಲಿಲ್ಲ. ಇನ್ನು ಓವರ್‌ಕ್ಲಾಕ್ ಮಾಡುತ್ತೇನೆ ಎಂದಳು. ಅಂದರೆ, ಇಷ್ಟು ವೇಗ ಎಂದು ತಯಾರಿಸಿದವರು ಹೇಳಿ ಕೊಟ್ಟ ಪ್ರೊಸೆಸರನ್ನು ಅದಕ್ಕಿಂತ ಜೋರಾಗಿ ಓಡಿಸುವುದು. ಓಡುತ್ತದೆ. ಆದರೆ ಬಿಸಿಯಾಗುತ್ತದೆ. ಕೆಲವೊಮ್ಮೆ ಅರ್ಧಕ್ಕೇ ನಿಂತುಬಿಡುತ್ತದೆ.

"ಸುಟ್ಟು ಹೋದ್ರೆ?" ಎಂದೆ.

"ಹಂಗೆಲ್ಲ ಸುಡಲ್ಲ ಕಣ್ರೀ. ತುಂಬಾ ಬಿಸಿ ಆದ್ರೆ ತಾನಾಗೇ ನಿಧಾನ ಆಗುತ್ತೆ, ಇಲ್ಲಾ ಆಫ್ ಆಗುತ್ತೆ. ಸುಡೋದು ವೋಲ್ಟೇಜ್ ಜಾಸ್ತಿ ಮಾಡಿದ್ರೆ, ಅದನ್ನ ನಾನು ಮುಟ್ಟಲ್ಲ. ವೇಗಾನ ಒಂದ್ ಮೆಟ್ಲು ಏರಿಸೋದು, ಗಂಟೆಗಟ್ಲೆ ಟೆಸ್ಟ್ ಓಡ್ಸೋದು, ಬಿಸಿ ಎಷ್ಟಿದೆ ನೋಡೋದು. ಎಲ್ಲಾ ಸರಿಯಿದ್ರೆ ಮಾತ್ರ ಇನ್ನೊಂದ್ ಮೆಟ್ಲು."

ಮಾತು ಸರಿಯಾಗಿಯೇ ಇತ್ತು. ಆದರೂ ನನಗೆ ಸಮಾಧಾನವಿಲ್ಲ. ಕಾಫಿ ಕೊಡುವ ನೆಪದಲ್ಲಿ ಆಗಾಗ ಒಳಗೆ ಹೋಗಿ, ಪರದೆಯ ಮೂಲೆಯಲ್ಲಿ ಕಾಣುವ ಟೆಂಪರೇಚರ್ ನೋಡಿಕೊಂಡು ಬರುತ್ತಿದ್ದೆ.

ಹೀಗಿರುವಾಗ ಗುರುವಾರ ಬೆಳಿಗ್ಗೆ ಆಂಜಿನಪ್ಪನವರ ಫೋನ್ ಬಂತು. ರಾಜಾನುಕುಂಟೆಯವರು. ರಾಗಿ ಬೆಳೆಯುತ್ತಿದ್ದ ಮನೆತನ, ಈಗ ಮನೆ ಕಟ್ಟಿಸಿ ಮಾರುತ್ತಾರೆ. ಮಗಳ ಮದುವೆ ಆಗಷ್ಟೇ ಮುಗಿದಿತ್ತು. ಆದರೆ ಮದುವೆಗೆ ಸ್ವಲ್ಪ ಮುಂಚೆ ಅವರ ತಾಯಿ ಪಿಳ್ಳಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮದುವೆ ನಿಲ್ಲಿಸಬೇಡಿ ಎಂದು ಅವರೇ ಹಟ ಹಿಡಿದರಂತೆ. ಅಜ್ಜಿ ಆಸ್ಪತ್ರೆಯಲ್ಲಿ, ಮೊಮ್ಮಗಳು ಮಂಟಪದಲ್ಲಿ. ಶುಗರ್ ಇಳಿಯಲಿ ಎಂದು ಆಪರೇಷನ್ ಮುಂದೂಡಿದ್ದರು.

"ನಾಳೆ ಬೆಳಿಗ್ಗೆ ಆಪ್ರೇಷನ್ನಂತೆ ವೀಣಮ್ಮ. ವಯಸ್ಸಾಗೈತೆ, ಏನೂ ಏಳಕ್ಕಾಗಲ್ಲ ಅಂದವ್ರೆ ಡಾಕ್ಟ್ರು. ಅದಕ್ಕೆ ಮುಂಚೆ ಅವ್ವ ಮದ್ವೆ ನೋಡ್ಬೇಕಂತೆ. ಸಾಯಂಕಾಲದೊಳ್ಗೆ ಎಂಗಾದ್ರೂ ಮಾಡ್ಕೊಡಮ್ಮ."

ಆ ಮದುವೆಯ ಎಡಿಟಿಂಗ್ ಮುಗಿದಿತ್ತು. ಉಳಿದಿದ್ದು ರೆಂಡರ್, ಅಂದರೆ ಎಲ್ಲವನ್ನೂ ಸೇರಿಸಿ ಕಂಪ್ಯೂಟರ್ ಒಂದೇ ಫೈಲು ಮಾಡಿಕೊಡುವ ಕೆಲಸ. ಮಾಮೂಲಿ ವೇಗದಲ್ಲಿ ಓಡಿಸಿದರೆ ಆಸ್ಪತ್ರೆಯಲ್ಲಿ ಒಳಗೆ ಬಿಡುವ ಹೊತ್ತು ಮೀರುತ್ತಿತ್ತು. ವೀಣಾ ಗಡಿಯಾರ ನೋಡಿದಳು. ಆಮೇಲೆ, ಒಂದೊಂದೇ ಮೆಟ್ಟಿಲು ಎಂದು ನನಗೆ ಪಾಠ ಹೇಳಿದವಳು ಒಂದೇ ಏಟಿಗೆ ಹಲವು ಮೆಟ್ಟಿಲು ಏರಿಸಿದಳು.

"ಟೆಸ್ಟ್ ಮಾಡಲ್ವಾ?"

"ಟೆಸ್ಟ್‌ಗೆ ಟೈಮ್ ಎಲ್ಲಿದೆ?"

ಮನೆಯಲ್ಲಿ ಕೂರಲಾಗದೆ ಆಂಜಿನಪ್ಪ ಮಧ್ಯಾಹ್ನವೇ ಬಂದರು. ಮಜ್ಜಿಗೆ ಕೊಟ್ಟೆ, ಕುಡಿಯಲಿಲ್ಲ. ಒಳಗಿನ ರೂಮಿನಿಂದ ಫ್ಯಾನಿನ ಸದ್ದು ಜೋರಾಗುತ್ತಲೇ ಹೋಯಿತು. ಅವರು ಅತ್ತ ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ. ರೆಂಡರ್ ಅರ್ಧ ದಾಟಿದೆ ಎಂದು ವೀಣಾ ಬಂದು ಹೇಳಿ ಹೋದಳು. ನಾನೂ ಅವಳ ಹಿಂದೆ ಹೋದೆ. ಆಗಲೇ ಪರದೆ ಕಪ್ಪಾದದ್ದು.

ಬಾಗಿಲು ಹಾಕಿ ಬಂದವಳು ಪವರ್ ಬಟನ್ ಒತ್ತಿದಳು. ಫ್ಯಾನ್ ತಿರುಗಿತು. ಪರದೆ ಮಾತ್ರ ಹಾಗೇ ಇತ್ತು. ಇನ್ನೊಮ್ಮೆ ಒತ್ತಿದಳು. ಊಹೂಂ.

"ಮದ್ವೆ ಇನ್ನೊಂದು ಕಡೆ ಇದೆ ತಾನೇ?" ಎಂದು ಪಿಸುಗುಟ್ಟಿದೆ. ಕ್ಯಾಮೆರಾದವರು ಮುಂದಿನ ಮದುವೆಗೆಂದು ತಮ್ಮ ಮೆಮೊರಿ ಕಾರ್ಡುಗಳನ್ನೆಲ್ಲ ಅಳಿಸಿಬಿಟ್ಟಿದ್ದರು.

"ಬೇರೆ ಡ್ರೈವಲ್ಲಿ ಕಾಪಿ ಇದೆ." ಸ್ವಲ್ಪ ತಡೆದು ಹೇಳಿದಳು, "ಇರ್ಬೇಕು."

ಇರ್ಬೇಕು ಅಂದರೆ? ಮದುವೆಯನ್ನು ಇನ್ನೊಮ್ಮೆ ಮಾಡಿಸಲಾಗುತ್ತದೆಯೇ? ಆಂಜಿನಪ್ಪನವರಿಗೆ ಏನೆಂದು ಹೇಳುವುದು?

ಕರೆಂಟು ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ, ಒಳಗಿನ ನಾಣ್ಯದಂಥ ಪುಟ್ಟ ಸೆಲ್ ತೆಗೆದಳು. ಅದನ್ನು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ, ಏರಿಸಿದ ವೇಗವನ್ನೆಲ್ಲ ಕಂಪ್ಯೂಟರ್ ಮರೆತು ಮೊದಲಿನಂತೆ ಆಗುತ್ತದಂತೆ. ನಾನು ಮೊಬೈಲಿನ ಟಾರ್ಚ್ ಹಿಡಿದಿದ್ದೆ. "ಕೈ ಅಲ್ಲಾಡಿಸ್ಬೇಡಿ ಅಂದ್ರೆ" ಎಂದು ಬೈದಳು. ಹಾಲ್‌ನಿಂದ ಆಂಜಿನಪ್ಪನವರ ದನಿ ಕೇಳುತ್ತಿತ್ತು. ಫೋನಿನಲ್ಲಿ ತಾಯಿಗೆ ಹೇಳುತ್ತಿದ್ದರು: "ಆಯ್ತದೆ ಕಣವ್ವ. ಇನ್ನೇನ್ ಆಯ್ತದೆ."

ಸೆಲ್ ಹಾಕಿ, ಬಟನ್ ಒತ್ತಿದಾಗ ಪರದೆ ಬೆಳಗಿತು. ವೀಣಾ ಒಂದೊಂದೇ ಫೋಲ್ಡರ್ ತೆರೆದು ನೋಡಿದಳು. ಮದುವೆ ಸುರಕ್ಷಿತವಾಗಿತ್ತು. ಬೇರೆ ಡ್ರೈವಿನಲ್ಲಿ ಕಾಪಿಯೂ ಇತ್ತು. ಆದರೆ ರೆಂಡರ್ ಮೊದಲಿನಿಂದ ಶುರುಮಾಡಬೇಕಿತ್ತು, ಸಂಜೆ ಹತ್ತಿರವಾಗುತ್ತಿತ್ತು.

ಹೊರಗೆ ಬಂದು ನಡೆದದ್ದನ್ನು ಹೇಳಿದಳು. ಆಂಜಿನಪ್ಪ ರೇಗಾಡುತ್ತಾರೆ ಎಂದುಕೊಂಡಿದ್ದೆ. ಅವರು ರೇಗಲಿಲ್ಲ.

"ಓಗ್ಲಿ ಬುಡಮ್ಮ" ಎಂದರು. ತಲೆ ಬಗ್ಗಿಸಿ ಕೂತುಬಿಟ್ಟರು. ರೇಗಿದ್ದರೇ ವಾಸಿಯಿತ್ತು.

ಅಷ್ಟರಲ್ಲಿ ಪಿಳ್ಳಮ್ಮನವರದೇ ಫೋನ್ ಮತ್ತೆ ಬಂತು. ಆಂಜಿನಪ್ಪ ಎತ್ತಲು ಹಿಂಜರಿದರು. ವೀಣಾ ಕೈ ಚಾಚಿ ಫೋನ್ ತೆಗೆದುಕೊಂಡು ಸ್ಪೀಕರ್ ಹಾಕಿದಳು.

"ಅಜ್ಜಿ, ನಾನು ವಿಡಿಯೊ ಮಾಡೋಳು. ಎಲ್ಲಾ ಇವತ್ತು ಆಗಲ್ಲ ಅಜ್ಜಿ. ನಿಮಗೆ ಮುಖ್ಯವಾಗಿ ಏನ್ ನೋಡ್ಬೇಕು ಹೇಳಿ. ಧಾರೆನಾ?"

"ಧಾರೆ ಇವ್ರು ಮೊಬೈಲ್ನಾಗೆ ತೋರ್ಸವ್ರೆ ಕಣಮ್ಮ" ಎಂದಿತು ಆ ಕಡೆಯ ದನಿ. "ನಂಗೆ ಊಟದ ಪಂಕ್ತಿ ತೋರ್ಸು. ಮನೆಮನೆಗೂ ನಾನೇ ಓಗಿ ಕರ್ದಿದ್ದು. ನಾನ್ ಬಿದ್ದೋದ ಮ್ಯಾಕೆ ಅವ್ರು ಬಂದ್ರೋ ಇಲ್ವೋ. ಮಗನ್ನ ಕೇಳಿದ್ರೆ ಎಲ್ಲಾ ಬಂದಿದ್ರು ಅಂತಾನೆ. ನಂಬೋದೆಂಗೆ?"

ವೀಣಾ ನನ್ನ ಮುಖ ನೋಡಿದಳು. ಊಟದ ಪಂಕ್ತಿಯನ್ನು ಅವಳು ಪೂರ್ತಿ ಕತ್ತರಿಸಿ ಹಾಕಿದ್ದಳು. (ಊಟ ಮಾಡುವವರ ಮುಖ ವಿಡಿಯೊದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂಬುದು ಈ ಕಸುಬಿನವರ ನಂಬಿಕೆ.) ಕತ್ತರಿಸಿದ್ದು ಎಡಿಟ್‌ನಿಂದ ಮಾತ್ರ. ಕ್ಯಾಮೆರಾದಿಂದ ಬಂದ ಮೂಲ ಹಾಗೇ ಇತ್ತು. ಅದಕ್ಕೆ ಹಾಡು ಬೇಡ, ಬಣ್ಣ ಬೇಡ, ರೆಂಡರ್ ಬೇಡ. ಆಂಜಿನಪ್ಪನವರ ಫೋನಿಗೆ ವೈರ್ ಹಾಕಿ ಕಾಪಿ ಮಾಡಿದಳು. ಅವರು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿತ್ತು.

ಆಸ್ಪತ್ರೆ ಹೆಬ್ಬಾಳದ ಆಚೆ. ಆ ಹೊತ್ತಿನಲ್ಲಿ ಫ್ಲೈಓವರ್ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಮೊಬೈಲಿನಲ್ಲಿ ಮ್ಯಾಪ್ ತೆರೆದು, ಕೆಂಪು ಗೆರೆಯನ್ನೇ ನೋಡುತ್ತಾ ಕೂತೆ. ಕೊನೆಗೆ ಆಂಜಿನಪ್ಪ ಫೋನ್ ಮಾಡಿದರು. ಮಾತಾಡಲಿಲ್ಲ, ಸುಮ್ಮನೆ ಕೇಳಿಸಿದರು. ಪಾತ್ರೆಗಳ ಸದ್ದು, "ಅನ್ನ, ಅನ್ನ" ಎನ್ನುವ ಬಡಿಸುವವರ ಕೂಗು, ನಡುವೆ ಪಿಳ್ಳಮ್ಮನವರ ದನಿ: "ಚಿಕ್ಕಮುನಿ ಬಂದವ್ನೆ. ಅವ್ನ ಎಂಡ್ತಿನೂ ಬಂದವ್ಳೆ. ನಿಲ್ಸು, ನಿಲ್ಸು, ಆ ಮೂಲೇಲಿ ಕೂತಿರೋದು ಯಾರು?"

ವೀಣಾ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮರುದಿನ ನಾವಿಬ್ಬರೂ ಫೋನನ್ನು ಎದುರಿಗಿಟ್ಟುಕೊಂಡೇ ತಿಂಡಿ ತಿಂದೆವು. ಮಧ್ಯಾಹ್ನ ಆಂಜಿನಪ್ಪ ಫೋನ್ ಮಾಡಿದರು. ಆಪರೇಷನ್ ಚೆನ್ನಾಗಿ ಆಗಿತ್ತು. ಪಿಳ್ಳಮ್ಮ ಮಂಪರಿನಲ್ಲೇ, ಮದುವೆಗೆ ಬಾರದ ಒಂದು ಮನೆಯವರನ್ನು ಬೈಯುತ್ತಿದ್ದರಂತೆ.

ಶನಿವಾರ ವೀಣಾ ಮತ್ತೆ ಕೂತಳು. ಈ ಸಲ ಒಂದು ಮೆಟ್ಟಿಲು ಏರಿಸಿ ದಿನವಿಡೀ ಟೆಸ್ಟ್ ಓಡಿಸಿದಳು. ಸರಿಯಿತ್ತು. ಎರಡನೆಯದಕ್ಕೆ ಏರಿಸಿದಾಗ ಟೆಸ್ಟಿನಲ್ಲಿ ತಪ್ಪುಗಳು ಬಂದವು. ಇಳಿಸಿ ಮೊದಲನೆಯದರಲ್ಲೇ ನಿಲ್ಲಿಸಿದಳು. ಒಂದು ರೆಂಡರಿನಲ್ಲಿ ಅದರಿಂದ ಉಳಿಯುವುದು ಒಂದು ಕಾಫಿ ಕುಡಿಯುವಷ್ಟು ಹೊತ್ತು. ನಾನು ಈಗಲೂ ಒಳಗೆ ಹೋಗಿ ಟೆಂಪರೇಚರ್ ನೋಡಿ ಬರುತ್ತೇನೆ.

ಒಂದು ಮಾತು ಮಾತ್ರ ಕೊರೆಯುತ್ತಿದೆ. ಏನು ನೋಡಬೇಕು ಎಂದು ಅಜ್ಜಿಯನ್ನು ನಾವು ಬೆಳಿಗ್ಗೆಯೇ ಯಾಕೆ ಕೇಳಲಿಲ್ಲ?