ಪಕೀರಬ್ಬ ನಿಲ್ಲುತ್ತಿದ್ದ ಜಾಗ

ದೋಹಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫೆಬ್ರವರಿಯ ಮಂಜು ಬೀದಿದೀಪಗಳ ಸುತ್ತ ಕಟ್ಟಿಕೊಂಡು ನಿಂತಿದೆ. ಭಾರತೀಯ ಶಾಲೆಯೊಂದರ ಅಂಗಳದಲ್ಲಿ ಸಾಲಾಗಿ ನಿಂತ ಬಸ್ಸುಗಳ ನಡುವೆ ನೀಲಿ ಅಂಗಿ ತೊಟ್ಟ, ಉದ್ದನೆಯ ತೆಳ್ಳಗಿನ ಮನುಷ್ಯರೊಬ್ಬರು ಓಡಾಡುತ್ತಿದ್ದಾರೆ. ಪ್ರತಿ ಬಸ್ಸಿನ ಮುಂದೆಯೂ ಸೊಂಟ ಹಿಡಿದುಕೊಂಡು ಬಗ್ಗುತ್ತಾರೆ, ಚಕ್ರಗಳ ನಡುವೆ ಟಾರ್ಚ್ ಹಾಯಿಸುತ್ತಾರೆ, ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. ಒಂದು ಬಸ್ಸಿನಡಿಯಿಂದ ಬೂದು ಬಣ್ಣದ ಬೆಕ್ಕು ಹೊರಬಂದು ಮೈಮುರಿಯುತ್ತದೆ. ನಿದ್ದೆ ಕೆಡಿಸಿದವರನ್ನು ಒಮ್ಮೆ ದುರುಗುಟ್ಟಿ ನೋಡಿ ಗೋಡೆಯ ಕಡೆಗೆ ನಡೆಯುತ್ತದೆ.

"ಹೋಗಿ ಮಾರಾಯ್ರೆ, ವಕ್ರಾದ ಬಸ್ಸು ಹೊರಡ್ಲಿಕ್ಕೆ ಉಂಟು," ಎಂದು ಸಂಕಪ್ಪ ಬೆಕ್ಕಿಗೂ ಮರ್ಯಾದೆ ಕೊಟ್ಟೇ ಹೇಳುತ್ತಾರೆ. ಆಮೇಲೆ ಚಾಲಕನ ಕಡೆ ತಿರುಗಿ ಕೈ ಬೀಸುತ್ತಾರೆ. "ಯಲ್ಲಾ!"

ಅಲ್ ವಕ್ರಾ ದೂರದ ಊರು. ಅಲ್ಲಿನ ಮಕ್ಕಳನ್ನು ಕರೆತರುವ ಬಸ್ಸು ಎಲ್ಲಕ್ಕಿಂತ ಮೊದಲು ಹೊರಡುತ್ತದೆ. ಅದರ ಹಿಂದೆ ಉಳಿದವು ಒಂದೊಂದಾಗಿ ಗೇಟು ದಾಟುತ್ತವೆ. ಅವು ತಿರುಗಿ ಬರುವ ಹೊತ್ತಿಗೆ ಸುಮಾರು ಎರಡು ಸಾವಿರ ಮಕ್ಕಳು ಈ ಗೇಟಿನೊಳಗೆ ಬರಬೇಕು, ಮಧ್ಯಾಹ್ನ ಅಷ್ಟೂ ಮಕ್ಕಳು ಸುರಕ್ಷಿತವಾಗಿ ಹೊರಗೆ ಹೋಗಬೇಕು. ಐವತ್ತು ದಾಟಿದ ಸಂಕಪ್ಪನವರು ಶಾಲೆಯ ಕಾವಲುಗಾರರು. ಮಂಗಳೂರಿನ ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಕತಾರಿಗೆ ಬಂದವರು, ಅಂದಿನಿಂದ ಇದೇ ಗೇಟಿನಲ್ಲಿದ್ದಾರೆ. ಹೆಂಡತಿ ಪೂವಕ್ಕ ಮೂಲ್ಕಿ ಕಡೆಯ ಊರಿನಲ್ಲಿ ಬೀಡಿ ಕಟ್ಟುತ್ತಾರೆ. ಶುಕ್ರವಾರ ಫೋನಿನಲ್ಲಿ ಮಾತು.

ಬಸ್ಸಿನಡಿ ಬಗ್ಗಿ ಚಪ್ಪಾಳೆ ತಟ್ಟುವುದು ಸಂಕಪ್ಪನವರ ಅಭ್ಯಾಸವಾಗಿರಲಿಲ್ಲ. ಅದು ಪಕೀರಬ್ಬನವರದು.

ಗೇಟಿಗೆ ಎರಡು ಬಾಗಿಲು. ಎಡಗಡೆ ಸಂಕಪ್ಪ, ಬಲಗಡೆ ಪಕೀರಬ್ಬ. ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ಬ್ಯಾರಿ. ಅಲ್ ಅಜೀಜಿಯಾದ ಒಂದೇ ಕೋಣೆಯಲ್ಲಿ ವಾಸ, ಒಂದೇ ಸ್ಟವ್. ಸಂಕಪ್ಪ ಮೀನು ಸಾರು ಮಾಡಿದರೆ ಪಕೀರಬ್ಬ ಅನ್ನಕ್ಕಿಡುತ್ತಿದ್ದರು. ಅನ್ನ ಪ್ರತಿಸಲವೂ ಮುದ್ದೆಯಾಗುತ್ತಿತ್ತು. "ಬ್ಯಾರಿಗಳೇ, ಇದನ್ನು ಬಡಿಸುವುದಾ, ಗೋಡೆಗೆ ಮೆತ್ತುವುದಾ?" ಎಂದು ಸಂಕಪ್ಪ ಕೇಳುವುದು. "ತಿನ್ನು, ನಿನ್ನ ಹಲ್ಲಿಗೆ ಇದೇ ಒಳ್ಳೆಯದು," ಎಂದು ಅವರು ಹೇಳುವುದು. ಈಗ ಅನ್ನವನ್ನೂ ಸಂಕಪ್ಪನವರೇ ಮಾಡಿಕೊಳ್ಳುತ್ತಾರೆ. ಉದುರುದುರಾಗಿಯೇ ಆಗುತ್ತದೆ. "ಆದರೆ ಗಂಟಲಲ್ಲಿ ಇಳಿಯುವುದಿಲ್ಲ," ಎನ್ನುತ್ತಾರೆ.

ಕಳೆದ ಸೆಪ್ಟೆಂಬರಿನಲ್ಲಿ, ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ, ಮಧ್ಯಾಹ್ನ ಮಕ್ಕಳು ಹೊರಡುವ ಹೊತ್ತಿನಲ್ಲಿ ಕಾರೊಂದು ಹತೋಟಿ ತಪ್ಪಿ ಗೇಟಿನ ಬಲಬದಿಯ ಕಟ್ಟೆ ಹತ್ತಿತು. ಪಕೀರಬ್ಬ ತಮ್ಮ ಮುಂದಿದ್ದ ಇಬ್ಬರು ಮಕ್ಕಳನ್ನು ಎರಡೂ ಕೈಯಿಂದ ಒಳಗೆ ನೂಕಿದರು. ತಾವು ಸರಿಯಲು ಹೊತ್ತು ಸಾಲಲಿಲ್ಲ. ಆಂಬುಲೆನ್ಸಿನಲ್ಲಿ ಸಂಕಪ್ಪ ಜೊತೆಗೇ ಕುಳಿತಿದ್ದರು. ಆಸ್ಪತ್ರೆ ತಲುಪುವ ಮೊದಲೇ ಹಿಡಿದುಕೊಂಡಿದ್ದ ಕೈ ಸಡಿಲಾಯಿತು. ಮರುದಿನ ಅಬು ಹಮೂರಿನ ಖಬರಸ್ಥಾನದಲ್ಲಿ ಮಣ್ಣು ಮಾಡಿದರು. ಸಂಕಪ್ಪ ಹೊರಗೆ, ಗೋಡೆಯ ನೆರಳಿನಲ್ಲಿ, ಎಲ್ಲರೂ ಹೊರಬರುವವರೆಗೆ ನಿಂತಿದ್ದರು.

ಆ ವಾರ ಈ ಗೇಟು ಕಂಡದ್ದನ್ನು ಅವರು ಇವತ್ತಿಗೂ ಒಂದೊಂದಾಗಿ ಹೇಳುತ್ತಾರೆ. ಬಸ್ ಚಾಲಕರು ಯಾರೂ ಹೇಳದೆಯೇ ಹಾರ್ನ್ ಮಾಡುವುದನ್ನು ಬಿಟ್ಟರು. ಎದುರು ಮನೆಯ ಕತಾರಿ ಮುದುಕರು ಫ್ಲಾಸ್ಕಿನಲ್ಲಿ ಗಾವಾ ಎಂಬ ಅರಬ್ಬಿ ಕಾಫಿ, ತಟ್ಟೆಯಲ್ಲಿ ಖರ್ಜೂರ ಹಿಡಿದುಕೊಂಡು ತಾವೇ ರಸ್ತೆ ದಾಟಿ ಬಂದರು. ಮಕ್ಕಳು ಚಿತ್ರ ಬರೆದು ಕಂಬಿಗಳಿಗೆ ಕಟ್ಟಿದರು. ಆ ಚಿತ್ರಗಳಲ್ಲಿ ಪಕೀರಬ್ಬ ಗೇಟಿಗಿಂತ ಎತ್ತರವಾಗಿದ್ದರು. ಎಂದೂ ಕಾರಿನ ಗಾಜು ಇಳಿಸದ ತಾಯಂದಿರು ಇಳಿದು ಬಂದು ಸಂಕಪ್ಪನವರ ಮುಂದೆ ನಿಂತು ಮೆಲ್ಲಗೆ ಕೇಳಿದರು: "ಅವರ ಹೆಸರೇನು? ಕಾರ್ಡಿನಲ್ಲಿ ಬರೆಯಬೇಕಿತ್ತು."

"ಬೇಸರ ಮಾಡಿಕೊಳ್ಳಲಿಲ್ಲ ನಾನು," ಎನ್ನುತ್ತಾರೆ ಸಂಕಪ್ಪ. "ಅವರಿಗೆ ನಾವು ಸೆಕ್ಯೂರಿಟಿ ಅಂಕಲ್. ಕೇಳಿದರಲ್ಲ, ಅದು ದೊಡ್ಡದು. ಒಬ್ಬೊಬ್ಬರಿಗೂ ಹೇಳಿದೆ, ಪಕೀರಬ್ಬ, ಪಕೀರಬ್ಬ ಅಂತ. ಒಂದು ದಿನದಲ್ಲಿ ಆ ಹೆಸರನ್ನು ನಾನು ಅಷ್ಟು ಸಲ ಹೇಳಿದ್ದು ಅದೇ ಮೊದಲು."

ಈ ಎಲ್ಲ ಮಾತು, ಕಾರ್ಡು, ಕಣ್ಣೀರು ತಲುಪಬೇಕಾಗಿದ್ದವರು ಮಾತ್ರ ಸಮುದ್ರದ ಆಚೆ ಇದ್ದರು. ಪಕೀರಬ್ಬನವರ ಹೆಂಡತಿ ಖೈರುನ್ನಿಸಾ ಉಪ್ಪಿನಂಗಡಿ ಹತ್ತಿರದ ಮನೆಯಲ್ಲಿ ಇದ್ದತ್ ಕುಳಿತಿದ್ದರು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳಿಗೂ ಮೀರಿ ಮನೆಯೊಳಗೇ ಇರುವ ಕಟ್ಟಳೆ ಅದು. ಅವರ ತಮ್ಮ ನವಾಝ್ ದೋಹಾದ ಬಿನ್ ಒಮ್ರಾನಿನಲ್ಲಿ ಅಂಗಡಿ ಇಟ್ಟಿದ್ದಾರೆ. ಇದ್ದತ್ ಮುಗಿದ ಮೇಲೆ ನವಾಝ್ ಅಕ್ಕನಿಗೆ ವಿಸಿಟ್ ವೀಸಾ ಮಾಡಿಸಿದರು. ಈ ತಿಂಗಳ ಮೊದಲಿಗೆ ಖೈರುನ್ನಿಸಾ, ಹುಟ್ಟಿದ ಮೇಲೆ ಮೊದಲ ಸಲ, ವಿಮಾನ ಹತ್ತಿದರು.

ಸುದ್ದಿ ಕೇಳಿ ದೋಹಾದಲ್ಲಿರುವ ಊರಿನವರ ಸಂಘಕ್ಕೆ ಹುರುಪು ಬಂತು. ಕಾರ್ಯದರ್ಶಿ ಯಜ್ಞೇಶ್ ಆಕೆಯ ಸನ್ಮಾನಕ್ಕೆ ಹಾಲ್ ಗೊತ್ತುಮಾಡಿದರು, ಬ್ಯಾನರ್ ಬರೆಸಿದರು, ಶಾಲು ಮತ್ತು ಹಣ್ಣಿನ ಬುಟ್ಟಿಗೆ ಹೇಳಿದರು. ಸಂಕಪ್ಪನವರ ಸಂಭ್ರಮವೂ ಕಡಿಮೆಯದಾಗಿರಲಿಲ್ಲ. ಪಕೀರಬ್ಬನವರ ಐಡಿ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದರು. ಊರಿನಿಂದ ಬರುವವರ ಕೈಯಲ್ಲಿ ಗಂಧದ ಹಾರ ತರಿಸಿದರು. ವೇದಿಕೆಯ ಮೇಲೆ ಫೋಟೋ, ಹಾರ, ದೀಪ, ನಡುವೆ ಖೈರುನ್ನಿಸಾ. ನಮ್ಮವರು ಯಾರನ್ನೇ ಗೌರವಿಸಲಿ, ಕಣ್ಣಿಗೆ ಮೊದಲು ಕಾಣುವ ಚಿತ್ರ ಇದೇ.

ಕಾರ್ಯಕ್ರಮಕ್ಕೆ ಮೂರು ದಿನ ಇರುವಾಗ ನವಾಝರ ಹೆಂಡತಿ ಸಾಲಿಹಾ ಗೇಟಿಗೇ ಬಂದರು.

"ಸಂಕಪ್ಪಣ್ಣ, ಹೇಗೆ ಹೇಳುದು ಗೊತ್ತಾಗುದಿಲ್ಲ. ಅಕ್ಕ ಸ್ಟೇಜಿಗೆ ಬರುದಿಲ್ಲವಂತೆ."

"ಯಾಕಮ್ಮ? ನಾವು ಏನಾದರೂ ತಪ್ಪು ಮಾಡಿದೆವಾ?"

"ತಪ್ಪಲ್ಲ ಅಣ್ಣ. ಫೋಟೋಕ್ಕೆ ಹಾರ ಹಾಕಿ ದೀಪ ಇಡುದು ನಮ್ಮಲ್ಲಿ ಇಲ್ಲ. ನೀವು ಪ್ರೀತಿಯಿಂದ ಮಾಡಿದ್ದು ಅಂತ ಅಕ್ಕನಿಗೂ ಗೊತ್ತುಂಟು, ಅದಕ್ಕೇ ಎರಡು ದಿನದಿಂದ ಹೇಳ್ಲಿಕ್ಕಾಗದೆ ಊಟ ಬಿಟ್ಟಿದ್ದಾರೆ. ನಿನ್ನೆ ಖಬರಿನ ಹತ್ತಿರ ಕರಕೊಂಡು ಹೋದೆವು. ಹೆಂಗಸರು ಒಳಗೆ ಹೋಗುದು ನಮ್ಮಲ್ಲಿ ಕಡಿಮೆ, ಅವರು ಇಳಿಯಲಿಲ್ಲ, ಕಾರಿನಲ್ಲೇ ಕೂತು ದುವಾ ಮಾಡಿದರು. ಅಲ್ಲಿಂದ ಬಂದು ಒಂದೇ ಮಾತು. 'ಅವರು ನಿಲ್ಲುತ್ತಿದ್ದ ಗೇಟು ನನಗೆ ನೋಡಬೇಕು. ಬೆಳಿಗ್ಗೆ, ಅವರು ನಿಲ್ಲುವ ಹೊತ್ತಿಗೇ' ಅಂತ."

ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಖೈರುನ್ನಿಸಾ ಕಂಡ ಗಂಡನೆಂದರೆ ಆ ರಜೆಯ ಗಂಡ. ಅತ್ತರು ಹಚ್ಚಿಕೊಂಡು ಬಂದು, ನೆಂಟರ ಮನೆಗಳನ್ನು ಮುಗಿಸಿ, ಪೆಟ್ಟಿಗೆ ಕಟ್ಟಿಕೊಂಡು ಹೋಗುವವರು. ಉಳಿದ ದಿನಗಳ ಮನುಷ್ಯ ಹೇಗಿದ್ದರು ಎಂಬುದು ಈ ಗೇಟಿಗೆ ಮಾತ್ರ ಗೊತ್ತಿತ್ತು. ಖೈರುನ್ನಿಸಾ ಊರಿಗೆ ಮರಳುವ ವಿಮಾನ ಶುಕ್ರವಾರ. ಹಾಲ್ ಗೊತ್ತಾಗಿದ್ದು ಗುರುವಾರ ಸಂಜೆಗೆ. ಶಾಲೆಯ ಗೇಟಿನಲ್ಲಿ ಹೊರಗಿನವರು ಕೂರುವ ಹಾಗಿಲ್ಲ ಎಂಬುದು ನಿಯಮ. ಅದನ್ನು ದಿನವೂ ಜಾರಿ ಮಾಡುವವರು ಸಂಕಪ್ಪ.

ಅಂದು ಸಂಜೆ ಯಜ್ಞೇಶ್ ತಲೆಯ ಮೇಲೆ ಕೈ ಹೊತ್ತು ಕುಳಿತರು. "ಇನ್ವಿಟೇಶನ್ ಹೋಗಿ ಆಯ್ತು ಮಾರಾಯ್ರೆ! ಇನ್ನು ಎಂತ ಮಾಡುದು?"

"ಬೈಯುದಾದ್ರೆ ನನಗೂ ಬೈದುಕೊಳ್ಳಿ ಸಾರ್. ಹಾರ ತರಿಸಿದ್ದು ನಾನೇ," ಎಂದರು ಸಂಕಪ್ಪ. "ಇಷ್ಟು ವರ್ಷ ಒಂದೇ ಕೋಣೆಯಲ್ಲಿದ್ದೆ. ಅವರ ನಮಾಜಿನ ಚಾಪೆ ಮಡಚಿ ಇಟ್ಟವ ನಾನು. ಆದರೂ ಹೊಳೆಯಲಿಲ್ಲ ನೋಡಿ. ದುಃಖ ಆದಾಗ ಕೈ ತನಗೆ ಗೊತ್ತಿದ್ದನ್ನೇ ಮಾಡ್ತದೆ."

ಯಜ್ಞೇಶ್ ನಕ್ಕುಬಿಟ್ಟರು. "ಹಾಲ್ ಖಲಾಸ್. ಬರುವವರೆಲ್ಲ ಗೇಟಿಗೇ ಬರಲಿ. ಹೇಗೂ ಮಕ್ಕಳನ್ನು ಬಿಡ್ಲಿಕ್ಕೆ ಬರ್ತಾರಲ್ಲ. ಭಾಷಣ ಇಲ್ಲ, ಮೈಕ್ ಇಲ್ಲ. ನನಗೆ ಮೈಕ್ ಇಲ್ಲದೆ ಮಾತಾಡ್ಲಿಕ್ಕೆ ಬರ್ತದಾ ಅಂತ ಹೆಂಡತಿ ಕೇಳಬಹುದು, ಅಷ್ಟೆ."

ಪ್ರಿನ್ಸಿಪಾಲ್ ಹೇಜಲ್ ಮೇಡಂ ಬಳಿ ಹೋಗಲು ಸಂಕಪ್ಪನವರಿಗೆ ಅಂಜಿಕೆ. ಈ ಶಾಲೆಯಲ್ಲಿ ಅವರು ಏನನ್ನೂ ಕೇಳಿದವರಲ್ಲ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದರು. ಎರಡನೇ ವಾಕ್ಯಕ್ಕೇ ಮೇಡಂ ತಡೆದರು. "ಪ್ಲಾಸ್ಟಿಕ್ ಕುರ್ಚಿ ಬೇಡ ಸಂಕಪ್ಪ. ನನ್ನ ರೂಮಿನ ಕುಶನ್ ಕುರ್ಚಿ ತೆಗೊಂಡು ಹೋಗಿ."

ಗುರುವಾರ ಬೆಳಿಗ್ಗೆ ಮಂಜಿನಲ್ಲೇ ನವಾಝರ ಕಾರು ಬಂತು. ಕಪ್ಪು ಬುರ್ಖಾದ ಚಿಕ್ಕ ಆಕೃತಿಯೊಂದು ಇಳಿದು ಗೇಟನ್ನು ಮೇಲಿಂದ ಕೆಳಗೆ ನೋಡಿತು.

"ಇಷ್ಟೇನಾ ಸಂಕಪ್ಪಣ್ಣ? ನನ್ನ ಮನಸ್ಸಲ್ಲಿ ಅರಮನೆ ಗೇಟಿನ ಹಾಗೆ ಇತ್ತು."

"ಇಷ್ಟೇ ಅಕ್ಕ. ಅಲ್ಲಿ ನಾನು, ಇಲ್ಲಿ ಅವರು."

"ಬಂದ ಕೂಡಲೇ ಎಂತ ಮಾಡ್ತಿದ್ದರು?"

ಸಂಕಪ್ಪ ಬಸ್ಸಿನಡಿ ಬಗ್ಗಿ ಚಪ್ಪಾಳೆ ತಟ್ಟಿ ತೋರಿಸಿದರು. "ಚಳಿಗೆ ಬೆಕ್ಕುಗಳು ಚಕ್ರದ ಹತ್ತಿರ ಮಲಗ್ತವೆ. ಒಂದು ಬಸ್ಸನ್ನೂ ಹೀಗೆ ನೋಡದೆ ಬಿಡ್ತಿರಲಿಲ್ಲ."

"ಬೆಕ್ಕಾ?" ಖೈರುನ್ನಿಸಾ ಬಾಯಿಗೆ ಕೈ ಇಟ್ಟರು. "ಮನೆಯಲ್ಲಿ ಬೆಕ್ಕು ಕಂಡರೆ ಚಪ್ಪಲಿ ಬಿಸಾಡ್ತಿದ್ದರು ಇವರು!" ಗಂಡ ಹೋದ ಮೇಲೆ ಆಕೆ ನಕ್ಕದ್ದು ಅದೇ ಮೊದಲೆಂದು ಸಾಲಿಹಾ ಆಮೇಲೆ ಹೇಳಿದರು.

ಬಸ್ಸುಗಳು ಬಂದವು, ಕಾರುಗಳು ಬಂದವು. ವೇದಿಕೆಯಲ್ಲಿ ಆಗಬೇಕಾಗಿದ್ದದ್ದು ಇಲ್ಲಿ ಸಾಲಾಗಿ, ಸದ್ದಿಲ್ಲದೆ ನಡೆಯಿತು. ಮಲಯಾಳಿ ಚಾಲಕರೊಬ್ಬರು ಇಳಿದು, "ಅಕ್ಕಾ, ಒಳ್ಳೆ ಮನುಷ್ಯ" ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡು ಹೋದರು. ತಾಯಂದಿರು ಆಕೆಯ ಕೈ ಹಿಡಿದು, ಈ ಸಲ ಹೆಸರನ್ನು ಕೇಳದೆ, ತಾವೇ ಹೇಳಿದರು. ಎದುರು ಮನೆಯ ಮುದುಕರು ಎದೆಗೆ ಕೈಯಿಟ್ಟು ದೂರದಿಂದಲೇ "ಅಲ್ಲಾಹ್ ಯರ್ಹಮು" ಎಂದು ತೀರಿಕೊಂಡವರಿಗೆ ದೇವರ ಕರುಣೆ ಬೇಡಿದರು. ಅಂದು ಪಕೀರಬ್ಬ ನೂಕಿದ ಇಬ್ಬರಲ್ಲಿ ಒಬ್ಬಳಾದ ಪುಟ್ಟ ಮೋಕ್ಷಾ, ಅಮ್ಮ ಕಲಿಸಿದ ವಾಕ್ಯವನ್ನು ಮರೆತು ನಿಂತಳು.

"ಆಂಟಿ, ಅಂಕಲ್ ನನ್ನ ಶೂ ಲೇಸ್ ಕಟ್ತಿದ್ರು. ಡೇಲಿ. ಬಟ್ ವೆರಿ ಟೈಟ್."

"ಟೈಟಾ? ನೋಯ್ತಿತ್ತಾ ಮಗಾ?"

"ಸ್ವಲ್ಪ. ನಾನು ಹೇಳ್ಲಿಲ್ಲ. ಅಂಕಲ್ ಸ್ಯಾಡ್ ಆಗ್ತಾರೆ ಅಂತ."

ಖೈರುನ್ನಿಸಾ ಮಗುವನ್ನು ಹತ್ತಿರ ಎಳೆದು ಎರಡೂ ಕೆನ್ನೆ ಸವರಿದರು. ಮಗು ಒಳಗೆ ಓಡಿದ ಮೇಲೂ ಕೈ ಹಾಗೆಯೇ ಚಾಚಿಕೊಂಡಿತ್ತು.

ಗಂಡ ಬಿದ್ದ ಕಟ್ಟೆಯನ್ನು ತೋರಿಸಲು ಸಂಕಪ್ಪನವರಿಗೆ ಮನಸ್ಸಿರಲಿಲ್ಲ. ಖೈರುನ್ನಿಸಾ ತಾವೇ ಕೇಳಿದರು, ಇವರು ತೋರಿಸಿದರು. ಆಕೆ ಒಂದು ಗಳಿಗೆ ನೋಡಿ ಮತ್ತೆ ಬಲಬದಿಯ ಬಾಗಿಲಿನ ಕಡೆಗೇ ತಿರುಗಿದರು. ಮಧ್ಯಾಹ್ನ ಕೊನೆಯ ಮಗು ಹೊರಡುವವರೆಗೂ ಅಲ್ಲೇ ಕುಳಿತಿದ್ದರು. ಹೊರಡುವಾಗ ಹೇಳಿದರು: "ಇಷ್ಟು ದಿನ ಅವರನ್ನು ನೆನೆಸಿಕೊಂಡರೆ ಎಲ್ಲಿ ನಿಲ್ಲಿಸಬೇಕು ಅಂತಲೇ ಗೊತ್ತಾಗ್ತಿರಲಿಲ್ಲ ಸಂಕಪ್ಪಣ್ಣ. ಇನ್ನು ಗೊತ್ತಾಯ್ತು."

ಆ ಗುರುವಾರ ಕಳೆದು ಹೆಚ್ಚು ದಿನವಾಗಿಲ್ಲ. ಬಲಬದಿಯ ಬಾಗಿಲಿಗೆ ಹೊಸಬರು ಬರುವವರೆಗೆ ಸಂಕಪ್ಪನವರೇ ಎರಡೂ ಕಡೆ ನೋಡಿಕೊಳ್ಳುತ್ತಿದ್ದಾರೆ. ಬಿಸಿಲೇರಿದೆ, ಮಕ್ಕಳೆಲ್ಲ ಒಳಗಿದ್ದಾರೆ, ರಸ್ತೆ ಖಾಲಿ. ಟೋಪಿ ತೆಗೆದು ಬೆವರೊರೆಸಿಕೊಳ್ಳುತ್ತ ಅವರು ತಾವಾಗಿಯೇ ಮಾತು ತೆಗೆಯುತ್ತಾರೆ.

"ಶುಕ್ರವಾರ ಪೂವಕ್ಕನಿಗೆ ಇದನ್ನೆಲ್ಲ ಹೇಳಿದೆ. ಕೊನೆಗೆ ಅವಳು ಕೇಳಿದಳು, 'ನೀವು ನಿಲ್ಲುದು ಯಾವ ಕಡೆ?' ಅಂತ. ಎಷ್ಟು ವರ್ಷ ಆಯ್ತು ನೋಡಿ. ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ."

ಟೋಪಿಯನ್ನು ಮತ್ತೆ ತಲೆಗಿಟ್ಟು ನೇರವಾಗಿ ನಿಲ್ಲುತ್ತಾರೆ.

"ನನ್ನ ಸಂಬಳಕ್ಕೆ ಅವಳನ್ನು ಕರೆಸುವ ವೀಸಾ ಸಿಗುದಿಲ್ಲ, ಗೊತ್ತುಂಟು. ಆದರೂ ಒಂದು ಆಸೆ. ಒಂದು ಬೆಳಿಗ್ಗೆ ಸಾಕು. ಅವಳು ಬಂದು ನೋಡಬೇಕು, ನಾನು ಇಲ್ಲಿ ನಿಂತಿರುವಾಗಲೇ."