ಬಲೂನು ಉಳಿದರೆ ಶೇವಿಂಗ್

ಗುಬ್ಬಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಗಂಗಣ್ಣ ತಮ್ಮ ಸಲೂನಿನ ಕುರ್ಚಿಗೆ ಕೆಂಪು ಬಲೂನೊಂದನ್ನು ಕಟ್ಟಿ, ಅದರ ತುಂಬ ನೊರೆ ಹಚ್ಚಿ, ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸುತ್ತಾರೆ. ಹೊರಗೆ ಬೆಂಚಿನ ಮೇಲೆ ಕುಳಿತವರ ಕಿವಿ ನೆಟ್ಟಗಾಗುತ್ತದೆ. ನೊರೆ ಕೆರೆಯುವಾಗ ಬಲೂನು ಢಬ್ಬೆಂದರೆ ಆ ದಿನ ಬರೀ ಕಟಿಂಗ್. ಶೇವಿಂಗಿಗೆ ಬಂದವರು ಕೆನ್ನೆ ಸವರಿಕೊಂಡು ಮನೆಗೆ ಹೋಗಬೇಕು. ಇದು ಗಂಗಣ್ಣ ತಮಗೆ ತಾವೇ ಹಾಕಿಕೊಂಡ ಕಟ್ಟಳೆ.

"ಗಿರಾಕಿ ಮುಖ ಬಲೂನಲ್ಲ ಸ್ವಾಮಿ. ಒಡೆದ್ರೆ ಇನ್ನೊಂದು ಊದಕ್ಕಾಗಲ್ಲ," ಎನ್ನುತ್ತಾರೆ.

ಹೋದ ವರ್ಷ ಅವರ ತಲೆಯ ಹಿಂಭಾಗದಲ್ಲಿ ಸಣ್ಣ ರಕ್ತನಾಳವೊಂದು ಕಟ್ಟಿಕೊಂಡು ಕಿರುಮೆದುಳಿಗೆ ಪೆಟ್ಟಾಯಿತು. ಕೈಯಲ್ಲಿ ಬಲವೇನೋ ಇತ್ತು. ಆದರೆ ಲೋಟಕ್ಕೆ ಕೈ ಚಾಚಿದರೆ ಅದು ಲೋಟವನ್ನೇ ದಾಟಿ ಹೋಗುತ್ತಿತ್ತು. ಮೂಗು ತುರಿಸಲು ಹೋದರೆ ಬೆರಳು ಕಣ್ಣಿಗೆ. "ಕೈ ನಂದೇ, ಮಾತು ಮಾತ್ರ ಕೇಳ್ತಿರ್ಲಿಲ್ಲ. ಮನೆ ಅಳಿಯನಂಗೆ," ಎಂದು ನಗುತ್ತಾರೆ.

ಗುಟ್ಟು ಬಿಡಿಸಿ ಹೇಳಿದವರು ತುಮಕೂರಿನ ಸದಾಶಿವನಗರದ ಫಿಸಿಯೋಥೆರಪಿಸ್ಟ್ ರಂಜನಿ. "ಕೈ ಏಳೋಕ್ಕಿಂತ ಮುಂಚೇನೇ ಕಿರುಮೆದುಳಿನ ನರಕೋಶಗಳು ಕೆಲ್ಸ ಶುರು ಮಾಡಿರ್ತವೆ ಗಂಗಣ್ಣ. ಎಷ್ಟು ದೂರ ಹೋಗ್ಬೇಕು, ಎಲ್ಲಿ ನಿಲ್ಬೇಕು ಅಂತ ಮೆದುಳಿನ ಮುಂಭಾಗದ ಜೊತೆ ಸೇರಿ ಪ್ಲಾನ್ ಹಾಕ್ತವೆ. ನಮಗದು ಗೊತ್ತೇ ಆಗಲ್ಲ. ತಪ್ಪು ಮಾಡ್ತಾ ಮಾಡ್ತಾನೇ ಅವು ಕಲಿಯೋದು."

ತಪ್ಪು ಮಾಡಲು ಬಲೂನು ಸಿಕ್ಕಿತು. ಗಂಗಣ್ಣನ ತಂದೆ ಮಗನಿಗೆ ಕಸುಬು ಕಲಿಸಿದ್ದೂ ಬಲೂನಿನ ಮೇಲೆಯೇ. ದಿನಾ ಬಲೂನು ಕೊಳ್ಳುವುದನ್ನು ಕಂಡು ಅಂಗಡಿಯ ಮಾಲಿನಿ, "ದಿನಾ ಯಾರ್ದಣ್ಣಾ ಬರ್ತ್‌ಡೇ?" ಎಂದು ಕೇಳಿದ್ದುಂಟು. ಒಡೆಯುವುದು ಕಡಿಮೆಯಾಯಿತು, ಕೆನ್ನೆಗಳೂ ಬಂದವು. ಆದರೆ ಕತ್ತಿ ಎತ್ತುವ ಮುಂಚೆ ಗಂಗಣ್ಣ ಒಂದು ಗಳಿಗೆ ನಿಂತು, ಮನಸ್ಸಿನಲ್ಲೇ ಪೂರ್ತಿ ಕ್ಷೌರ ಮುಗಿಸಬೇಕು. ಕತ್ತಿ ಕೆಳಗಿಡುವ ತನಕ ಬಾಯಿಗೆ ಬೀಗ. ಮಾತಾಡಿದರೆ ಕೈ ಹಾದಿ ತಪ್ಪುತ್ತದೆ.

"ಮೊದ್ಲಿನಂಗೆ ಮಾತಾಡ್ಕಂಡು ಶೇವ್ ಮಾಡ್ಬೇಕು, ಅಷ್ಟೇ ಆಸೆ. ಸುಮ್ಕಿರೋ ಸಲೂನೂ ಒಂದ್ ಸಲೂನಾ?"

ಇವತ್ತು ಬಲೂನು ಉಳಿದಿದೆ. ಕುರ್ಚಿಗೆ ಬಂದು ಕೂರುವವರು ಕುಣಿಗಲಿನ ಅಡವಿಯಪ್ಪ, ಬಾಲ್ಯದ ಗೆಳೆಯ. ಗಂಗಣ್ಣನಿಗಲ್ಲದೆ ಬೇರೆ ಯಾರಿಗೂ ಕೆನ್ನೆ ಕೊಡೆನೆಂದು ಹಟ ಹಿಡಿದು ವರ್ಷದಿಂದ ಗಡ್ಡ ಬಿಟ್ಟವರು. ನಾಳೆ ಅವರ ಮಗಳು ಕಾವ್ಯಳ ನಿಶ್ಚಿತಾರ್ಥ. "ಹಿಂಗೇ ಬಂದ್ರೆ ಬೀಗರು ಸ್ವಾಮೀಜಿ ಅಂತ ಕಾಲಿಗ್ ಬೀಳ್ತಾರೆ ಅಂತವ್ಳೆ ಕಣೋ," ಎನ್ನುತ್ತಾರೆ.

ಗಂಗಣ್ಣ ಬ್ಲೇಡು ಬದಲಿಸುತ್ತಾರೆ. ಇಷ್ಟು ನಂಬಿದವನ ಮುಖಕ್ಕೆ ಗಾಯ ಮಾಡಿ ಕಳಿಸುವುದು ಹೇಗೆ? ಗಡ್ಡವನ್ನು ಕತ್ತರಿಯಿಂದ ಇಳಿಸಿ, ನೊರೆ ಹಚ್ಚಿ, ನಿಂತು, ನೋಡಿ, ಕತ್ತಿ ಎತ್ತುತ್ತಾರೆ. ಒಂದು ಕೆನ್ನೆ ಮೌನದಲ್ಲೇ ಮುಗಿಯುತ್ತದೆ.

ಕತ್ತಿ ಕತ್ತಿನ ಹತ್ತಿರ ಬಂದಾಗ ಗಂಗಣ್ಣನ ಬಾಯಿಂದ, "ಅಲ್ಲ ಕಣೋ, ಹುಡುಗನ ತಲೇಲಿ ಸುಳಿ ಎಷ್ಟವೆ ನೋಡಿದ್ಯಾ? ಎರಡಿದ್ರೆ ಎರಡು ಮದ್ವೆ ಅಂತಾರೆ. ಕರ್ಕಂಡ್ ಬಾ, ಕಟಿಂಗ್ ನೆಪದಲ್ಲಿ ನಾನೇ ಎಣಿಸ್ತೀನಿ..." ಅಡವಿಯಪ್ಪ ನಗುವಂತಿಲ್ಲ, ಗಂಟಲ ಮೇಲೆ ಬ್ಲೇಡಿದೆ. ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಬಾಗಿಲಲ್ಲಿ ನಿಲ್ಲುತ್ತಾರೆ. ಗಂಗಣ್ಣನಿಗೆ ಅದರ ಪರಿವೆಯೇ ಇಲ್ಲ.

ಟವೆಲಿನಿಂದ ಮುಖ ಒರೆಸಿದರೆ ಒಂದು ಗೀರೂ ಇಲ್ಲ.

"ಏನ್ಲಾ ಗಂಗ," ಅಡವಿಯಪ್ಪ ಕನ್ನಡಿಯಲ್ಲೇ ಗೆಳೆಯನನ್ನು ನೋಡುತ್ತಾರೆ, "ಆವಾಗ್ಲಿಂದ ಮಾತಾಡ್ತಾನೇ ಇದ್ದೀಯಲ್ಲ."

ಗಂಗಣ್ಣ ತಮ್ಮ ಕೈಯನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ. ಕಣ್ಣು ತುಂಬಿ ಬರುತ್ತದೆ. ಆಮೇಲೆ ಟವೆಲು ಕೊಡವಿ ಬಾಗಿಲ ಕಡೆ ತಿರುಗುತ್ತಾರೆ.

"ನೆಕ್ಸ್ಟ್ ಯಾರಪ್ಪ? ಬನ್ನಿ, ಒಂದ್ ವರ್ಷದ ಸುದ್ದಿ ಬಾಕಿ ಅದೆ."